ಕಿಣ್ವ ಅಂದರೆ ಹೆಂಡದ ಹುದುಗೋ, ಪ್ರೋಟೀನೋ?

ಪ್ರಶ್ನೆ: ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದೇನೆ. ಎಂಜೈಮ್ ಅಂದರೆ ಕಿಣ್ವ, ಅದೊಂದು ಪ್ರೋಟೀನು ಎಂದು ಕಲಿತೆ. ನಿಘಂಟು ತೆಗೆದರೆ ಹೆಂಡ ಹುದುಗಿಸುವ ವಸ್ತು ಎಂದಿದೆ. ಯಾವುದು ಸರಿ?

ಉತ್ತರ: ಎರಡೂ ಸರಿ. ನಿಘಂಟು ನೋಡಿದ್ದು ಒಳ್ಳೆಯದೇ ಆಯಿತು. ಎಷ್ಟೋ ಜನ ಈ ಪದವನ್ನು ಸುಮ್ನೆ ಬಾಯಿಪಾಠ ಮಾಡಿ ಬಿಟ್ಟುಬಿಡುತ್ತಾರೆ.

ಕಿಣ್ವ ತುಂಬಾ ಹಳೆಯ ಸಂಸ್ಕೃತ ಪದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೆಂಡದ ಅಧಿಕಾರಿಯ ಕೆಲಸ ಹೇಳುವಾಗ ಕಿಣ್ವ ಮಾಡುವ ಅಳತೆಯೂ ಬರುತ್ತದೆ. ಅದಕ್ಕೆ ಬೇಕಾದದ್ದು ಮುಖ್ಯವಾಗಿ ಉದ್ದು ಮತ್ತು ಅಕ್ಕಿ. ನಿಮ್ಮೂರಿನ ಬೆಣ್ಣೆ ದೋಸೆ ಹಿಟ್ಟಿಗೆ ನೆನೆಹಾಕುವುದೂ ಇವನ್ನೇ ಅಲ್ವಾ! ಹೊಸ ಹಿಟ್ಟು ಬೇಗ ಹುಳಿ ಬರಲಿ ಎಂದು ಹಿಂದಿನ ದಿನದ ಹಿಟ್ಟು ಒಂದು ಸೌಟು ಬೆರೆಸುತ್ತಾರಲ್ಲ, ಆ ಕೆಲಸ ಮಾಡುವ ವಸ್ತುವಿಗೇ ಹಿಂದಿನವರು ಕಿಣ್ವ ಎಂದದ್ದು.

ಎಂಜೈಮ್ ಪದವೂ ಹುದುಗಿನಿಂದಲೇ ಹುಟ್ಟಿದೆ. ಗ್ರೀಕ್‌ನಲ್ಲಿ 'ಎನ್' ಅಂದರೆ ಒಳಗೆ, 'ಜೈಮೆ' ಅಂದರೆ ಹಿಟ್ಟು ಉಬ್ಬಿಸುವ ಹುದುಗು. 1876ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಕ್ಯೂನ ಈ ಹೆಸರಿಟ್ಟರು. ಆಗ ಹುದುಗಿಸುವ ಸೂಕ್ಷ್ಮಜೀವಿಯಾದ ಯೀಸ್ಟನ್ನೂ ಹೊಟ್ಟೆಯಲ್ಲಿ ಆಹಾರ ಅರಗಿಸುವ ಪೆಪ್ಸಿನ್‌ನಂಥ ಜೀವ ಇಲ್ಲದ ವಸ್ತುವನ್ನೂ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಆ ಗೊಂದಲ ಬಿಡಿಸಲು ಜೀವ ಇಲ್ಲದ್ದಕ್ಕೆ ಬೇರೆ ಹೆಸರು ಬೇಕಿತ್ತು.

ಜೀವಕೋಶ ಇಲ್ಲದೆ ಸಕ್ಕರೆ ಹುದುಗಲು ಸಾಧ್ಯವೇ ಇಲ್ಲ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ರಸ ಹಿಂಡಿ, ಸಕ್ಕರೆ ಹಾಕಿದರು. ಒಂದೂ ಜೀವಂತ ಕೋಶವಿಲ್ಲದ ಆ ರಸದಲ್ಲಿ ಸಕ್ಕರೆ ಹುದುಗಿತು! ನನಗೆ ಜೀವರಸಾಯನದಲ್ಲಿ ಇದಕ್ಕಿಂತ ಇಷ್ಟವಾದ ಪ್ರಯೋಗ ಇಲ್ಲ. 1907ರಲ್ಲಿ ಅವರಿಗೆ ನೊಬೆಲ್ ಬಂತು.

ಪ್ರೋಟೀನು ಎಂಬ ಮಾತು ಬಂದದ್ದು ಆಮೇಲೆ. 1926ರಲ್ಲಿ ಜೇಮ್ಸ್ ಸಮ್ನರ್ ಒಂದು ಜಾತಿಯ ಅವರೆಕಾಳಿನಿಂದ ಯೂರಿಯೇಸ್ ಎಂಬ ಕಿಣ್ವದ ಹರಳು ತೆಗೆದು, ಅದು ಪ್ರೋಟೀನು ಎಂದು ತೋರಿಸಿದರು. ಅಂದರೆ ನಿಘಂಟು ಹೇಳುವುದು ಹುದುಗನ್ನು. ನಿಮ್ಮ ಪುಸ್ತಕ ಹೇಳುವುದು ಹುದುಗಿನೊಳಗೆ ಕೆಲಸ ಮಾಡುವ ವಸ್ತುವನ್ನು.

ಈಗ ಹುದುಗಿಲ್ಲದ ಕಡೆಯೂ ಅದೇ ಹೆಸರು ನಡೆಯುತ್ತದೆ. ಖಾರ, ಎಣ್ಣೆ ಹಾಕದ ಮಂಡಕ್ಕಿ ಒಂದು ಹಿಡಿ ಬಾಯಿಗೆ ಹಾಕಿ, ನುಂಗದೆ ಎರಡು ನಿಮಿಷ ಅಗಿಯಿರಿ. ಮೆಲ್ಲಗೆ ಸಿಹಿಯಾಗುತ್ತದೆ. ಮಂಡಕ್ಕಿಯ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಿರುವುದು ನಿಮ್ಮ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ.