ಋತುವಿಗೆ ಮುನ್ನದ ರಗ್ಬಿ: ತಾಲೀಮು ಟೂರ್ನಿಯಾದ ಬಗೆ

2017ರ ಫೆಬ್ರುವರಿ 11 ಮತ್ತು 12ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಸನ್‌ಕಾರ್ಪ್ ಕ್ರೀಡಾಂಗಣದಲ್ಲಿ 14 ರಗ್ಬಿ ತಂಡಗಳು ಸೇರಿದ್ದವು. ಮುಖ್ಯವಾಗಿ ದಕ್ಷಿಣ ಗೋಳಾರ್ಧದ ವೃತ್ತಿಪರ ಲೀಗ್ ಆದ ಸೂಪರ್ ರಗ್ಬಿಯಲ್ಲಿ ಆಡುವ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ತಂಡಗಳು ಹತ್ತೂ ಬಂದಿದ್ದವು. ಜೊತೆಗೆ ದಕ್ಷಿಣ ಆಫ್ರಿಕಾದ ಬುಲ್ಸ್, ಫ್ರಾನ್ಸಿನ ಟೂಲಾನ್, ಜಪಾನಿನ ಪ್ಯಾನಸಾನಿಕ್ ವೈಲ್ಡ್ ನೈಟ್ಸ್ ಮತ್ತು ಸಮೋವಾ ಇದ್ದವು. ತಂಡಕ್ಕೆ 15ರ ಬದಲು 10 ಆಟಗಾರರು, 80 ನಿಮಿಷದ ಬದಲು 20 ನಿಮಿಷದ ಪಂದ್ಯ. ಚೀಫ್ಸ್ ತಂಡ ಗೆದ್ದಿತು, ಎರಡು ವಾರ ತುಂಬುವ ಮೊದಲೇ ಸೂಪರ್ ರಗ್ಬಿ ಋತು ಆರಂಭವಾಯಿತು. ಮರುವರ್ಷ ಮತ್ತೆ ನಡೆದ ಟೂರ್ನಿಯಲ್ಲಿ ಬ್ಲೂಸ್ ಗೆದ್ದಿತು. ಅಲ್ಲಿಗೆ ಅದು ನಿಂತುಹೋಯಿತು.

ಹೆಸರಾಂತ ತಂಡಗಳು, ದೊಡ್ಡ ಮೈದಾನ, ಟಿ.ವಿ. ಪ್ರಸಾರ ಎಲ್ಲವೂ ಇದ್ದ ಈ ಅಭ್ಯಾಸ ಟೂರ್ನಿ ಎರಡೇ ವರ್ಷಕ್ಕೆ ಏಕೆ ಮುಗಿಯಿತು ಎಂಬ ಪ್ರಶ್ನೆ ಬಾಗಲಕೋಟೆಯಲ್ಲಿ ಕುಳಿತ ನನ್ನಂಥ ದೈಹಿಕ ಶಿಕ್ಷಣದ ಮೇಷ್ಟ್ರಿಗೆ ದೂರದ ಪ್ರಶ್ನೆಯಲ್ಲ. ಋತುವಿನ ಮೊದಲ ಪಂದ್ಯಕ್ಕೆ ಮೈಯನ್ನು ಹೇಗೆ ಹದ ಮಾಡಬೇಕು, ಆ ಹದ ಮಾಡುವ ಕೆಲಸವನ್ನೇ ಟಿಕೆಟ್ ಇಟ್ಟು ಜನರಿಗೆ ತೋರಿಸಬಹುದೇ ಎಂಬುದು ಕುಸ್ತಿ, ಕಬಡ್ಡಿಗಳಿಗೂ ಇರುವ ಪ್ರಶ್ನೆ.

ಮುಧೋಳ, ಜಮಖಂಡಿ ಕಡೆಯ ಗರಡಿಮನೆಗಳಲ್ಲಿ ಜಾತ್ರೆಯ ಕುಸ್ತಿಗೆ ಮುಂಚಿನ ವಾರಗಳ ತಾಲೀಮನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿದ ಕೆಮ್ಮಣ್ಣನ್ನು ನಸುಕಿನಲ್ಲಿ ಅಗೆದು ಸಡಿಲ ಮಾಡಿ, ಅಂಗೈಗೆ ಮಣ್ಣು ತಿಕ್ಕಿಕೊಂಡು ಪೈಲ್ವಾನರು ಜೋಡಿ ಜೋಡಿಯಾಗಿ ಇಳಿಯುತ್ತಾರೆ. ಪಟ್ಟು ಹಾಕುತ್ತಾರೆ, ಬಿಡಿಸಿಕೊಳ್ಳುತ್ತಾರೆ, ಮತ್ತೆ ಹಾಕುತ್ತಾರೆ. ಒಬ್ಬ ಹುಡುಗ ಹುರುಪಿನಲ್ಲಿ ಜೊತೆಗಾರನನ್ನು ಚಿತ್ ಮಾಡಲು ಹೋದಾಗ ಉಸ್ತಾದರು ಅವನ ತೋಳು ಹಿಡಿದು, ‘ಜಾತ್ರಿ ಇನ್ನೂ ಎಂಟ ದಿನ ಐತಿ, ಇವತ್ತ ಗೆಲ್ಲಾಕ ಹೋಗಬ್ಯಾಡ’ ಎಂದದ್ದನ್ನು ನಾನೇ ಕೇಳಿದ್ದೇನೆ. ಅಲ್ಲಿ ನೋಡುವವರಿರಲಿಲ್ಲ. ಯಾವಾಗ ನಿಲ್ಲಿಸಬೇಕೆಂಬುದು ಉಸ್ತಾದರ ಕೈಯಲ್ಲೇ ಇತ್ತು.

ರಗ್ಬಿಯಲ್ಲಿ ಬಹುಕಾಲ ಇಂಥ ಪ್ರಶ್ನೆ ದೊಡ್ಡದಾಗಿ ಏಳಲೇ ಇಲ್ಲ, ಏಕೆಂದರೆ ರಗ್ಬಿ ಯೂನಿಯನ್, ಅಂದರೆ ಹದಿನೈದು ಜನರ ರಗ್ಬಿಯ, ಆಟಗಾರರಿಗೆ ಸಂಬಳವಿರಲಿಲ್ಲ. ಪಂದ್ಯಕ್ಕಾಗಿ ಗಣಿ, ಗಿರಣಿಗಳ ಕೂಲಿ ಕಳೆದುಕೊಂಡವರಿಗೆ ಅದನ್ನು ತುಂಬಿಕೊಡಬೇಕೇ ಎಂಬ ಜಗಳದಿಂದಲೇ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು 1895ರಲ್ಲಿ ಬೇರೆಯಾದವು. ಮುಂದೆ ರಗ್ಬಿ ಲೀಗ್ ಎಂಬ ಪ್ರತ್ಯೇಕ ಆಟವಾಗಿ ಬೆಳೆದದ್ದು ಅದೇ. ಯೂನಿಯನ್‌ನಲ್ಲಿ ಉಳಿದವರು ವಾರವಿಡೀ ತಮ್ಮ ಉದ್ಯೋಗ ಮಾಡಿ ಶನಿವಾರ ಆಡುತ್ತಿದ್ದರು. ಚಿಕ್ಕ ಟೂರ್ನಿಗಳು ಇದ್ದವಾದರೂ ಅವುಗಳ ಉದ್ದೇಶ ಬೇರೆ. 1883ರಲ್ಲಿ ಸ್ಕಾಟ್ಲೆಂಡಿನ ಮೆಲ್‌ರೋಸ್ ಎಂಬ ಪುಟ್ಟ ಊರಿನ ಕ್ಲಬ್ಬಿಗೆ ಹಣದ ಮುಗ್ಗಟ್ಟು ಬಂದಾಗ, ಮಾಂಸದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ನೆಡ್ ಹೇಗ್ ಎಂಬ ಆಟಗಾರ ಒಂದೇ ದಿನದಲ್ಲಿ ಹಲವು ಪಂದ್ಯ ಆಡಿಸಲು ತಂಡಕ್ಕೆ ಏಳೇ ಜನ ಸಾಕೆಂದು ಸೂಚಿಸಿದ. ಸೆವೆನ್ಸ್ ರಗ್ಬಿ ಹುಟ್ಟಿದ್ದು ಹೀಗೆ. ಲಂಡನ್ನಿನ ಟ್ವಿಕನಮ್‌ನಲ್ಲಿ 1926ರಲ್ಲಿ ಆರಂಭವಾದ ಮಿಡ್ಲ್‌ಸೆಕ್ಸ್ ಸೆವೆನ್ಸ್ ಕೂಡ ದಾನಧರ್ಮಕ್ಕೆ ಹಣ ಕೂಡಿಸುವ, ಋತು ಮುಗಿದ ಸಂತೋಷದ ಟೂರ್ನಿಯಾಗಿತ್ತು.

1995ರಲ್ಲಿ ಎಲ್ಲವೂ ಬದಲಾಯಿತು. ಆ ವರ್ಷ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ರಗ್ಬಿ ಸಂಸ್ಥೆಗಳು ನ್ಯೂಸ್ ಕಾರ್ಪೊರೇಷನ್ ಜೊತೆ 10 ವರ್ಷಕ್ಕೆ 55.5 ಕೋಟಿ ಡಾಲರ್‌ಗಳ ಪ್ರಸಾರ ಒಪ್ಪಂದ ಮಾಡಿಕೊಂಡವು. ಆಗಸ್ಟ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಮಂಡಳಿ ಆಟಗಾರರಿಗೆ ಹಣ ಕೊಡುವುದರ ಮೇಲಿದ್ದ ನಿಷೇಧವನ್ನು ತೆಗೆಯಿತು. ಸಂಬಳ ಕೊಡುವ ಕ್ಲಬ್ಬಿಗೆ ಆಟಗಾರನ ಇಡೀ ವರ್ಷ ಸಿಕ್ಕಿತು. ಋತುವಿಗೆ ಮುಂಚಿನ ವಾರಗಳು ಅವನ ಉದ್ಯೋಗದ ಭಾಗವಾದವು. ಆದರೆ ಪಂದ್ಯವಿಲ್ಲದ ವಾರಗಳಲ್ಲೂ ಸಂಬಳ ಕೊಡಲೇಬೇಕಾದ್ದರಿಂದ ಆ ವಾರಗಳಿಂದಲೂ ಆದಾಯ ಬರಲಿ ಎಂಬ ಆಸೆ ಸಹಜವಾಗಿ ಹುಟ್ಟಿತು. ಮಿಡ್ಲ್‌ಸೆಕ್ಸ್ ಸೆವೆನ್ಸ್ ವೃತ್ತಿಪರ ಯುಗದಲ್ಲಿ ಋತುವಿನ ಕೊನೆಯಿಂದ ಆಗಸ್ಟ್ ತಿಂಗಳಿಗೆ ಬಂದು, ಹೊಸ ಋತುವಿನ ಬಾಗಿಲು ತೆರೆಯುವ ಟೂರ್ನಿಯಾಯಿತು. 2010ರಿಂದ ಇಂಗ್ಲೆಂಡಿನ ಪ್ರೀಮಿಯರ್‌ಶಿಪ್ ಕ್ಲಬ್‌ಗಳು ಬೇಸಿಗೆಯಲ್ಲಿ ತಮ್ಮದೇ ಸೆವೆನ್ಸ್ ಸರಣಿಯನ್ನು ಆರಂಭಿಸಿದವು.

ದಕ್ಷಿಣ ಗೋಳಾರ್ಧದಲ್ಲಿ ದಾರಿ ತೋರಿಸಿದ್ದು ರಗ್ಬಿ ಲೀಗ್. 2014ರ ಫೆಬ್ರುವರಿಯಲ್ಲಿ ಆಕ್ಲೆಂಡಿನ ಈಡನ್ ಪಾರ್ಕ್‌ನಲ್ಲಿ ತಂಡಕ್ಕೆ ಒಂಬತ್ತು ಜನರಂತೆ ಆಸ್ಟ್ರೇಲಿಯಾದ ಲೀಗ್‌ನ 16 ಕ್ಲಬ್‌ಗಳ ಟೂರ್ನಿ ನಡೆಯಿತು. ಅದನ್ನು ನಡೆಸಿದ ಡುಕೊ ಈವೆಂಟ್ಸ್ ಸಂಸ್ಥೆಯೇ ಯೂನಿಯನ್ ತಂಡಗಳಿಗೆಂದು ಬ್ರಿಸ್ಬೇನ್ ಟೂರ್ನಿಯನ್ನು ಕಟ್ಟಿತು. ನಿವೃತ್ತ ಆಟಗಾರರನ್ನು ವೈಲ್ಡ್ ಕಾರ್ಡ್ ಮೂಲಕ ತಂಡಗಳಿಗೆ ಸೇರಿಸಿದ್ದನ್ನು ನೋಡಿದರೆ, ಟೂರ್ನಿಯ ಕಣ್ಣು ಕೋಚ್‌ಗಿಂತ ಹೆಚ್ಚಾಗಿ ಪ್ರೇಕ್ಷಕರ ಮೇಲಿತ್ತೆಂದು ನನಗೆ ಅನಿಸುತ್ತದೆ.

ಹತ್ತು ಜನರ ಆಟ ಹದಿನೈದು ಜನರ ಆಟಕ್ಕೆ ಎಷ್ಟರ ಮಟ್ಟಿಗೆ ತಾಲೀಮಾಗುತ್ತದೆ? ಲೆಕ್ಕ ಹಾಕಿ ನೋಡೋಣ. ಗೋಲು ಗೆರೆಗಳ ನಡುವೆ 100 ಮೀಟರ್ ಉದ್ದ, 70 ಮೀಟರ್ ಅಗಲ ಎಂದರೆ 7,000 ಚದರ ಮೀಟರ್. ಎರಡೂ ತಂಡಗಳ 30 ಜನ ಇದ್ದಾಗ ಒಬ್ಬೊಬ್ಬರಿಗೆ ಸುಮಾರು 233 ಚದರ ಮೀಟರ್ ಬರುತ್ತದೆ; 20 ಜನ ಇದ್ದಾಗ 350; ಸೆವೆನ್ಸ್‌ನ 14 ಜನರಿಗೆ 500. ಜಾಗ ಹೆಚ್ಚಿದಷ್ಟೂ ಪೂರ್ತಿ ವೇಗದ ಓಟ ಹೆಚ್ಚುತ್ತದೆ. ವಿಶ್ರಾಂತಿಯಿಂದ ಮರಳಿದ ಕೆಲವೇ ವಾರಗಳಲ್ಲಿ, ಬೇಸಿಗೆಯ ಧಗೆಯಲ್ಲಿ, ಒಂದೇ ದಿನ ಎರಡು ಮೂರು ಬಾರಿ ಮೈ ಬಿಸಿಯಾಗಿ ತಣ್ಣಗಾಗಿ ಮತ್ತೆ ಓಡುವಾಗ ಮೊದಲು ಕೈಕೊಡುವುದು ತೊಡೆಯ ಹಿಂಬದಿಯ ಸ್ನಾಯು. ಅದೇ ವೇಳೆಗೆ ಹದಿನೈದರ ಆಟಕ್ಕೆ ಬೇಕಾದ ಎಂಟು ಜನರ ಸ್ಕ್ರಮ್ (ಎರಡೂ ತಂಡದವರು ತೋಳು ಹೆಣೆದು ಬಾಗಿ, ಚೆಂಡಿಗಾಗಿ ಎದುರುಬದುರು ಒತ್ತುವ ಗುಂಪು) ಅಲ್ಲಿ ಐದು ಜನರದಾಗಿರುತ್ತದೆ. ಗುಂಪಾಗಿ ಒತ್ತುತ್ತ ಚೆಂಡನ್ನು ಮುಂದೊಯ್ಯುವ ಕೆಲಸವೂ ವಿರಳ. ಮುಂದಿನ ಸಾಲಿನ ದಪ್ಪ ಆಳುಗಳಿಗೆ ಅಲ್ಲಿ ತಾಲೀಮು ಸಿಗುವುದು ತೀರ ಕಡಿಮೆ. ಇಬ್ಬರು ಕೋಚ್‌ಗಳು ಮಾತಾಡಿಕೊಂಡು, ಬೇಕಾದಷ್ಟು ಬದಲಿ ಆಟಗಾರರನ್ನು ಇಳಿಸಿ, ದಣಿದವನನ್ನು ಆಗಲೇ ಹೊರಗೆ ಕರೆದು ಆಡಿಸುವ ಸಾದಾ ಅಭ್ಯಾಸ ಪಂದ್ಯ ಇದಕ್ಕಿಂತ ಹೆಚ್ಚು ಉಪಯೋಗದ್ದು.

ನನ್ನ ಹುಡುಗರ ವಿಷಯದಲ್ಲಿ ಇದನ್ನು ಕಷ್ಟಪಟ್ಟೇ ಕಲಿತೆ. ಎರಡು ತಿಂಗಳ ರಜೆ ಮುಗಿಸಿ ಬಂದ ಕಬಡ್ಡಿ ತಂಡವನ್ನು ಹತ್ತೇ ದಿನದಲ್ಲಿ ಒಂದು ಪ್ರದರ್ಶನ ಪಂದ್ಯಾವಳಿಗೆ ಕರೆದೊಯ್ದೆ. ನಮ್ಮ ಅತ್ಯುತ್ತಮ ರೈಡರ್ ಮೂರನೆಯ ಪಂದ್ಯದಲ್ಲಿ ತೊಡೆ ಹಿಡಿದುಕೊಂಡು ಕುಳಿತವನು ಆ ವರ್ಷದ ಮುಖ್ಯ ಟೂರ್ನಿಗೆ ಇಳಿಯಲೇ ಇಲ್ಲ. ‘ಸರ್, ಮಂದಿ ಕೂಗತಿದ್ರು, ಬಿಡಾಕ ಮನಸ್ಸ ಆಗಲಿಲ್ಲ’ ಎಂದ. ಅವನನ್ನು ಹೊರಗೆ ಕರೆಯಬೇಕಾಗಿದ್ದವನು ನಾನು.

ಬ್ರಿಸ್ಬೇನ್ ಟೂರ್ನಿ ನಿಂತ ಮೇಲೂ ಪ್ರಯೋಗಗಳು ನಿಲ್ಲಲಿಲ್ಲ. 2019ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ನಾಲ್ಕು ಸೂಪರ್ ರಗ್ಬಿ ತಂಡಗಳು ಮಾರ್ವೆಲ್ ಚಿತ್ರಪಾತ್ರಗಳ ಜೆರ್ಸಿ ತೊಟ್ಟು ಕೇಪ್‌ಟೌನ್ ಕ್ರೀಡಾಂಗಣದಲ್ಲಿ ಒಂದೇ ದಿನ ಎರಡು ಪಂದ್ಯ ಆಡಿದವು. ಸ್ಟಾರ್ಮರ್ಸ್‌ಗೆ ಥಾರ್, ಲಯನ್ಸ್‌ಗೆ ಸ್ಪೈಡರ್‌ಮ್ಯಾನ್. ಒಂದು ತಂಡಕ್ಕೆ ಒಂದೇ ಪಂದ್ಯ, ಅದೂ ಪೂರ್ತಿ ಹದಿನೈದು ಜನರ ಆಟ. ಜೆರ್ಸಿಯ ಮೇಲಿನ ಚಿತ್ರ ಏನೇ ಇರಲಿ, ಕೋಚ್‌ಗೆ ಬೇಕಾದ ತಾಲೀಮು ಇದರಲ್ಲಿ ಉಳಿದಿತ್ತು.

ಈ ನಡುವೆ ತಲೆಗೆ ಬೀಳುವ ಪೆಟ್ಟಿನ ಚಿಂತೆ ಆಟದ ಮುಂಚೂಣಿಗೆ ಬಂದಿತು. 2021ರಲ್ಲಿ ಆಟದ ಜಾಗತಿಕ ಆಡಳಿತ ಸಂಸ್ಥೆ ವರ್ಲ್ಡ್ ರಗ್ಬಿ ಮತ್ತು ಆಟಗಾರರ ಅಂತರರಾಷ್ಟ್ರೀಯ ಸಂಘ ಸೇರಿ, ವೃತ್ತಿಪರ ತಂಡಗಳ ಅಭ್ಯಾಸದಲ್ಲಿ ಮೈಗೆ ಮೈ ಡಿಕ್ಕಿ ಹೊಡೆಯುವ ಪೂರ್ಣ ಟ್ಯಾಕಲ್ ವಾರಕ್ಕೆ 15 ನಿಮಿಷ ಮೀರಬಾರದೆಂದು ಮಾರ್ಗಸೂಚಿ ಕೊಟ್ಟವು. ಅಭ್ಯಾಸವನ್ನೇ ಹೀಗೆ ನಿಮಿಷದ ಲೆಕ್ಕದಲ್ಲಿ ಅಳೆಯುವಾಗ, ಋತುವಿಗೆ ಮುಂಚೆ ಇನ್ನೊಂದು ಟೂರ್ನಿಯನ್ನು ಸೇರಿಸಲು ಹೊರಟವರು ಪ್ರತಿ ಪಂದ್ಯಕ್ಕೂ ಕಾರಣ ಹೇಳಬೇಕಾಗುತ್ತದೆ.

ಈ ಚರ್ಚೆ ಈಗ ನಮ್ಮ ದೇಶಕ್ಕೂ ಬಂದಿದೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿ ಆರು ತಂಡಗಳು ಸೆವೆನ್ಸ್ ಆಡಿದವು. ಚೆನ್ನೈ ಬುಲ್ಸ್ ಗೆದ್ದಿತು. ಎರಡೇ ವಾರದ ಲೀಗ್‌ನಲ್ಲಿ ಮೊದಲ ದಿನವೇ ಸ್ನಾಯು ಎಳೆದುಕೊಂಡವನಿಗೆ ಇಡೀ ಋತು ಮುಗಿದಂತೆಯೇ. ಇಂಥ ಲೀಗ್‌ಗೆ ಮುಂಚಿನ ತಾಲೀಮು ಪಂದ್ಯಗಳು ಕ್ಯಾಮೆರಾ, ಟಿಕೆಟ್, ಬಹುಮಾನ ಯಾವುದೂ ಇಲ್ಲದ ಮೈದಾನದಲ್ಲಿ ನಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಏಪ್ರಿಲ್–ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರಗಳ ಬಿಸಿಲು ಇದಕ್ಕೆ ಒಗ್ಗದು. ಬೆಳಗಾವಿಯ ಮುಂಜಾವು ಒಗ್ಗುತ್ತದೆ. ಆರೂವರೆಗೆ ಆಟ ಆರಂಭಿಸಿದರೆ ಬಿಸಿಲು ಏರುವ ಮೊದಲು ಏಳೇಳು ನಿಮಿಷದ ನಾಲ್ಕು ಪಾಳಿ ಮುಗಿಸಿ, ಯಾರ ತೊಡೆ ಬಿಗಿದಿದೆ ಎಂದು ಒಬ್ಬೊಬ್ಬರನ್ನೂ ಮಲಗಿಸಿ ಕೈಯಿಂದ ಒತ್ತಿ ನೋಡಲು ಕೋಚ್‌ಗೆ ಸಮಯ ಉಳಿಯುತ್ತದೆ.