ಒಂದು ಮಾರು ದೂರ

ದಾವಣಗೆರೆಯ ಬಸ್ ನಿಲ್ದಾಣದ ಎದುರು ಒಂದು ಸಂಜೆ ಹೂವು ಕೊಳ್ಳಲು ನಿಂತಿದ್ದೆ. ಪಕ್ಕದ ಮಿರ್ಚಿ ಗಾಡಿಯ ಬಳಿ ಮೂವತ್ತರ ಆಸುಪಾಸಿನ ಒಬ್ಬ ನಾಲ್ಕು ಹೆಜ್ಜೆ ಅತ್ತ, ನಾಲ್ಕು ಹೆಜ್ಜೆ ಇತ್ತ ತಿರುಗುತ್ತಾ ಅಂಗಿಯ ತೋಳು ಕೊಡವಿಕೊಳ್ಳುತ್ತಿದ್ದ. ಕೈ ನಡುಗುತ್ತಿತ್ತು, ಬೆನ್ನೆಲ್ಲ ಬೆವರಿನಲ್ಲಿ ತೊಯ್ದಿತ್ತು. “ಇರುವೆ, ಇರುವೆ” ಎಂದು ಕೂಗಿದ. “ಎಲ್ಲಿವೆಯೋ ಇರುವೆ?” ಎಂದು ಯಾರೋ ನಕ್ಕರು. “ಬೆಳಗ್ಗೆಯಿಂದಲೇ ಹಾಕಿರಬೇಕು” ಎಂದರು ಇನ್ನೊಬ್ಬರು. ಮತ್ತೊಬ್ಬರು ಮೊಬೈಲ್ ಎತ್ತಿದರು. ಸಮಾಧಾನ ಹೇಳಲೆಂದೇ ಒಬ್ಬರು ಹೆಗಲಿಗೆ ಕೈ ಹಾಕಿದರು. ಅವನು ಕೊಡವಿದ ರಭಸಕ್ಕೆ ಮಂಡಕ್ಕಿಯ ಡಬ್ಬಿ ಉರುಳಿತು.

ಸಿಟ್ಟಾಗಲಿ, ಭಯವಾಗಲಿ ಸಿಡಿಯುವ ಮುನ್ನ ಮೈ ಸುಳಿವು ಕೊಡುತ್ತದೆ: ನಿಂತಲ್ಲಿ ನಿಲ್ಲಲಾಗದ ಓಡಾಟ, ಬಿಗಿದ ಮುಷ್ಟಿ, ಏರುವ ದನಿ, ಕೇಳಿದ್ದಕ್ಕೆ ತುಂಡು ಉತ್ತರ. ಮಿದುಳಿನ ಒಳಗೆ ಬಾದಾಮಿಯಾಕಾರದ ಅಮಿಗ್ಡಲ ಎಂಬ ಭಾಗವಿದೆ. ಅದು ಅಪಾಯವೆಂದು ಎಚ್ಚರಿಸಿದ ಕೂಡಲೇ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಕಾದಾಡಲು ಇಲ್ಲವೇ ಓಡಲು ಮೈ ಹೀಗೆ ಸಜ್ಜಾಗುವುದನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು. ಆ ಹೊತ್ತಿನಲ್ಲಿ ಹಣೆಯ ಹಿಂದಿರುವ, ಅಳೆದು ತೂಗಿ ಯೋಚಿಸುವ ಮಿದುಳಿನ ಹಿಡಿತ ಸಡಿಲವಾಗುತ್ತದೆ. ಉದ್ದನೆಯ ಬುದ್ಧಿಮಾತು ತಲೆಗೆ ಹತ್ತುವುದಿಲ್ಲ. ಹೆಗಲ ಮೇಲಿನ ಕೈ ಮಾತ್ರ ತಕ್ಷಣ ತಿಳಿಯುತ್ತದೆ, ಅದೂ ಹಲ್ಲೆಯೆಂದು.

ಹೂವಿನಮ್ಮ ಎದ್ದು ಬಂದರು. “ಸ್ವಲ್ಪ ಗಾಳಿ ಬಿಡಿ” ಎಂದು ಗುಂಪನ್ನು ಹಿಂದೆ ಸರಿಸಿದರು. ಅವನಿಗೆ ನೇರ ಎದುರಾಗದೆ ತುಸು ಓರೆಯಾಗಿ, ಅವನು ಹೊರಟುಹೋಗುವ ದಾರಿಯನ್ನು ಬಿಟ್ಟು ನಿಂತರು. ಬರಿಗೈ ಎರಡೂ ಅವನಿಗೆ ಕಾಣುತ್ತಿದ್ದವು. ನಡುವಿನ ದೂರ, ದಿನವಿಡೀ ಅವರು ಅಳೆದು ಕೊಡುವ ಹಾಗೆ, ಒಂದು ಮಾರು. ಅಮೆರಿಕದ ತುರ್ತು ಮನೋವೈದ್ಯರು 2012ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಎರಡು ತೋಳಿನಷ್ಟು ದೂರ ಇರಲಿ ಎಂದಿದೆ; ಹೆಚ್ಚುಕಡಿಮೆ ಅದೇ ಅಳತೆ. ಒಬ್ಬರೇ ಮಾತನಾಡಿ, ಚಿಕ್ಕ ವಾಕ್ಯದಲ್ಲಿ ಹೇಳಿ, ಹೇಳಿದ್ದನ್ನೇ ಬೇಸರಿಸದೆ ಮತ್ತೆ ಹೇಳಿ ಎಂಬುದೂ ಅದರಲ್ಲಿದೆ. ಎಷ್ಟೋ ಸಲ ಐದು ನಿಮಿಷದೊಳಗೇ ಫಲ ಸಿಗುತ್ತದಂತೆ.

“ತಮ್ಮಾ, ಇರುವೆ ನನಗೆ ಕಾಣುತ್ತಿಲ್ಲ. ನಿನಗೆ ಹಿಂಸೆಯಾಗುತ್ತಿರುವುದು ಕಾಣುತ್ತಿದೆ” ಎಂದರು. ನಾನು ಬೆರಗಾದೆ. ಇರುವೆ ಇದೆಯೆಂದು ಹೂಂಗುಟ್ಟಿದರೆ ಭ್ರಮೆಗೆ ಸಾಕ್ಷಿ ಹೇಳಿದಂತಾಗುತ್ತದೆ. ಇಲ್ಲವೆಂದು ವಾದಿಸಿದರೆ ಅವನ ಪಾಲಿಗೆ ಇನ್ನೊಬ್ಬ ಶತ್ರು ಹುಟ್ಟಿದಂತೆ. “ನೀರು ಕುಡಿಯುತ್ತೀಯಾ, ಕುಳಿತುಕೊಳ್ಳುತ್ತೀಯಾ?” ಎಂದು ಕೇಳಿದರು. ಎರಡರಲ್ಲಿ ಒಂದನ್ನು ತಾನೇ ಆರಿಸಿಕೊಂಡರೆ ಕೈತಪ್ಪಿದ ಹಿಡಿತದ ಒಂದು ಎಳೆಯಾದರೂ ಮರಳುತ್ತದೆ. ಮೂರನೆಯ ಸಲ ಕೇಳಿದಾಗ ಅವನು ಕಟ್ಟೆಯ ಮೇಲೆ ಕುಳಿತ. “ಸುಮ್ಮನಿರು” ಎಂದು ಅವರು ಒಮ್ಮೆಯೂ ಅನ್ನಲಿಲ್ಲ.

ಕೈಯಲ್ಲಿ ಚಾಕುವೋ ಒಡೆದ ಬಾಟಲಿಯೋ ಇದ್ದಿದ್ದರೆ ಈ ಸಾಹಸ ಬೇಡವೇ ಬೇಡ. ದೂರ ಸರಿದು 112ಕ್ಕೆ ಕರೆ ಮಾಡಬೇಕು. ಮಾನಸಿಕ ಕಾಯಿಲೆಯಿರುವವರನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಪೊಲೀಸರು ರಕ್ಷಣೆಗೆ ಪಡೆದರೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯವರಿಗೆ ದಿಕ್ಕು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಸಿಗುತ್ತದೆ.

ನಾನು 108ಕ್ಕೆ ಕರೆ ಮಾಡಿದೆ. ಮಧುಮೇಹಕ್ಕೆ ಇನ್ಸುಲಿನ್ ಪಡೆಯುವವರಲ್ಲಿ ಸಕ್ಕರೆ ಕುಸಿದಾಗಲೂ ಇದೇ ಬೆವರು, ನಡುಕ, ಗೊಂದಲ ಇರುತ್ತದೆ. ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಚಮಚ ಸಕ್ಕರೆ ಕೊಡಬಹುದು. ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು. ಅಷ್ಟರಲ್ಲಿ ಅವನ ಅಕ್ಕ ಏದುಸಿರು ಬಿಡುತ್ತಾ ಬಂದರು. ಜಾತ್ರೆಗೆ ಹರಕೆ ಹೊತ್ತು ಕುಡಿತ ಬಿಟ್ಟಿದ್ದನಂತೆ, ಅಂದಿಗೆ ಮೂರು ದಿನ.

ವರ್ಷಗಟ್ಟಲೆ ಮದ್ಯ ಮಿದುಳನ್ನು ಅದುಮಿ ಹಿಡಿದಿರುತ್ತದೆ, ಅದಕ್ಕೆ ಎದುರಾಗಿ ಮಿದುಳು ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಅದುಮಿದ ಕೈಯನ್ನು ಥಟ್ಟನೆ ತೆಗೆದರೆ ಏರಿದ್ದು ಏರಿದಂತೆಯೇ ಉಳಿಯುತ್ತದೆ. ಕೆಲವರಿಗೆ ಎರಡು ಮೂರು ದಿನಗಳಲ್ಲಿ ನಡುಕ, ಇಲ್ಲದ್ದು ಕಾಣುವುದು, ಫಿಟ್ಸ್. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಬಹುಕಾಲದ ಕುಡಿತವನ್ನು ವೈದ್ಯರ ಕಣ್ಗಾವಲಿನಲ್ಲಿ ಬಿಡಬೇಕಾದದ್ದು ಇದಕ್ಕೇ.

ಆಂಬುಲೆನ್ಸ್‌ನಿಂದ ಇಳಿದ ಸಿಬ್ಬಂದಿ ಮೂಗು ಹಿಂಡುತ್ತಾ, “ಎಷ್ಟು ಕುಡಿದಿದ್ದಾನೆ?” ಎಂದು ಕೇಳಿದರು.

“ಮೂರು ದಿನದಿಂದ ಕುಡಿದಿಲ್ಲ. ಅದೇ ತೊಂದರೆ” ಎಂದರು ಹೂವಿನಮ್ಮ.