ಸಹಿ ಯಾರದು, ಅಧಿಕಾರ ಯಾರದು

ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ಬದಿಯಡ್ಕದ ಕಡೆಯ ತೋಟದ ಮನೆಯ ಹಿರಿಯ ಮಹಿಳೆಯೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಹಳೆಯ ಕಾಗದಗಳನ್ನು ಒಗೆದ ಪಂಚೆಯ ತುಂಡಿನಲ್ಲಿ ಕಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ ತಂದಿದ್ದರು. ಎಲ್ಲಕ್ಕಿಂತ ಮೇಲೆ ಇದ್ದದ್ದು ಹೊಸ ನೋಟೀಸು: ಅಡಿಕೆ ತೋಟದ ಮೇಲ್ಬದಿಯ ಗುಡ್ಡ ಸರಕಾರಿ ಜಾಗ, ತೆರವು ಮಾಡಿ ಎಂದು. ಅದರ ಕೆಳಗೆ ಮಾವನ ಕಾಲದಿಂದ ಕೂಡಿಟ್ಟ ರಶೀದಿಗಳು. "ವಕೀಲರೇ, ಇಷ್ಟು ವರ್ಷ ಕಂದಾಯ ಕಟ್ಟಿದ್ದೇವೆ. ಪ್ರತಿಯೊಂದರಲ್ಲೂ ಸರಕಾರದ ಮೊಹರು ಇದೆ. ಈಗ ನಮ್ಮದಲ್ಲ ಎಂದರೆ ಹೇಗೆ?" ಎಂದು ಕೇಳಿದರು.

ನಾನು ಒಂದೊಂದಾಗಿ ತಿರುವಿ ನೋಡಿದೆ. ಕೆಲವು ಪಟ್ಟೆ ಜಾಗದ, ಎಂದರೆ ಸ್ವಂತ ಹಕ್ಕಿನ ಜಾಗದ, ಕಂದಾಯದವು. ಗುಡ್ಡಕ್ಕೆ ಸಂಬಂಧಿಸಿದವು ಮಾತ್ರ ಬೇರೆ. "ಅಕ್ಕ, ಇವು ಕಂದಾಯದ ರಶೀದಿಗಳಲ್ಲ, ಬಿ ಮೆಮೊ ದಂಡದವು" ಎಂದೆ. ಆ ಮಾತು ಹೇಳುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. 1905ರ ಮದರಾಸು ಭೂ ಅತಿಕ್ರಮಣ ಕಾಯಿದೆಯ ಪ್ರಕಾರ ಸರಕಾರಿ ಜಾಗದಲ್ಲಿ ಸಾಗುವಳಿ ಮಾಡಿದವನಿಂದ ತೀರ್ವೆಯನ್ನೂ (ಜಾಗಕ್ಕೆ ಗೊತ್ತುಮಾಡಿದ ತೆರಿಗೆಯನ್ನೂ) ದಂಡವನ್ನೂ ವಸೂಲು ಮಾಡುತ್ತಿದ್ದರು. ಆ ರಶೀದಿ ನೀವು ಅಲ್ಲಿ ಇದ್ದಿರಿ ಎಂಬುದಕ್ಕೆ ಸಾಕ್ಷಿ. ಅದೇ ಹೊತ್ತಿಗೆ ಜಾಗ ಸರಕಾರದ್ದು ಎಂಬುದಕ್ಕೂ ಅದು ಸಾಕ್ಷಿ. ಮೂರು ತಲೆಮಾರು ದೇವರ ಕೋಣೆಯಲ್ಲಿಟ್ಟು ಕಾಪಾಡಿದ ಕಾಗದ ಎರಡು ಕಡೆಗೂ ಸಾಕ್ಷಿ ಹೇಳುತ್ತದೆ.

ಕಾಸರಗೋಡಿನ ನ್ಯಾಯಾಲಯಗಳಲ್ಲಿ ಜಾಗದ ಮೊಕದ್ದಮೆ ನಡೆಸುವವರಿಗೆ ಇಂಥ ಕಟ್ಟುಗಳು ಹೊಸತಲ್ಲ. ಕಕ್ಷಿದಾರರು ಮೊಹರನ್ನು ನೋಡುತ್ತಾರೆ. ನಾನು ಮೊದಲು ಸಹಿಯ ಕೆಳಗಿರುವ ಹುದ್ದೆಯ ಹೆಸರನ್ನು ನೋಡುತ್ತೇನೆ. ಇವನಿಗೆ ಈ ಆಜ್ಞೆ ಕೊಡುವ ಅಧಿಕಾರವನ್ನು ಯಾರು ಕೊಟ್ಟರು, ಯಾವ ಬರಹದಿಂದ ಕೊಟ್ಟರು? ನಮ್ಮ ನೆಲದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದರೆ ಕಂಪನಿ ಸರಕಾರದ ಮೊದಲ ದಿನಗಳಿಗೇ ಹೋಗಬೇಕಾಗುತ್ತದೆ.

1799ರಲ್ಲಿ ಟಿಪ್ಪುವಿನ ಪತನದ ನಂತರ, ಕಾಸರಗೋಡೂ ಸೇರಿದ್ದ ಕೆನರಾ ಪ್ರಾಂತ್ಯ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರರಾಗಿ ಬಂದರು. ಅವರ ಮೇಲೆ ಮದರಾಸಿನ ರೆವಿನ್ಯೂ ಬೋರ್ಡು, ಬೋರ್ಡಿನ ಮೇಲೆ ಗವರ್ನರು ಮತ್ತು ಅವರ ಕೌನ್ಸಿಲು, ಅದರ ಮೇಲೆ ಕಲ್ಕತ್ತ, ಅದಕ್ಕೂ ಮೇಲೆ ಲಂಡನ್. ಈ ಏಣಿಯಲ್ಲಿ ಅಧಿಕಾರ ಕೆಳಗಿಳಿಯಲು ಎರಡು ದಾರಿಗಳಿದ್ದವು. ಒಂದು, ರೆಗ್ಯುಲೇಶನ್ ಎಂದು ಕರೆಯುತ್ತಿದ್ದ ಕಾನೂನು. ಇನ್ನೊಂದು, ಬೋರ್ಡು ತನ್ನ ಅಧಿಕಾರಿಗಳಿಗೆ ಬರೆದು ಕಳುಹಿಸುವ ಆದೇಶ. ಮುಂದೆ ಇಂಥ ಆದೇಶಗಳನ್ನೇ ಒಟ್ಟುಗೂಡಿಸಿ ಬೋರ್ಡಿನ ಸ್ಥಾಯೀ ಆದೇಶಗಳೆಂದು ಅಚ್ಚು ಹಾಕಿಸಿದರು. ಕಾನೂನಿನ ಮೂಲಕ ಬಂದದ್ದನ್ನು ಹಿಡಿದುಕೊಂಡು ನೀವು ನ್ಯಾಯಾಲಯದ ಮೆಟ್ಟಿಲು ಹತ್ತಬಹುದು. ಆದೇಶದ ಮೂಲಕ ಬಂದದ್ದು ಸರಕಾರ ಮತ್ತು ಅದರ ನೌಕರನ ನಡುವಿನ ಮಾತು. ರೈತನಿಗೆ ಅದರಿಂದ ಲಾಭ ಸಿಕ್ಕರೆ ಅದು ಕೃಪೆ, ಹಕ್ಕಲ್ಲ. ನಮ್ಮ ಕುಮ್ಕಿಯ ಕಷ್ಟವೆಲ್ಲ ಹುಟ್ಟಿದ್ದು ಇಲ್ಲಿ.

ಕುಮ್ಕಿ ಎಂದರೆ ಸಹಾಯ. ಪಾರಸಿ ಮೂಲದ ಮಾತು. ಹಳೆಯ ಕದೀಂ ವರ್ಗ ಜಾಗದ (ಹಿಂದಿನಿಂದ ಸಾಗುವಳಿಯಲ್ಲಿದ್ದ ಹಿಡುವಳಿಯ) ಅಂಚಿನಿಂದ ನೂರು ಗಜದೊಳಗಿನ ಸರಕಾರಿ ಬಂಜರಿನಲ್ಲಿ ವರ್ಗದಾರನು ಸೊಪ್ಪು ಕಡಿಯಬಹುದು, ದನ ಮೇಯಿಸಬಹುದು, ಮನೆಗೂ ಬೇಸಾಯಕ್ಕೂ ಬೇಕಾದ ಕಟ್ಟಿಗೆ ತರಬಹುದು. ಸೊಪ್ಪಿಲ್ಲದೆ ಹಟ್ಟಿಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ದಕ್ಷಿಣ ಕನ್ನಡದ ಬೇಸಾಯ ನಿಂತದ್ದೇ ಈ ಗುಡ್ಡಗಳ ಮೇಲೆ. ಇಷ್ಟು ಮುಖ್ಯವಾದ ಸಂಗತಿಯನ್ನು ವಸಾಹತು ಸರಕಾರ ಕಾಯಿದೆಯೊಳಗೆ ಹಕ್ಕಾಗಿ ಬರೆಯಲಿಲ್ಲ, ಬೋರ್ಡಿನ ಆದೇಶದಲ್ಲಿ ಸವಲತ್ತಾಗಿ ಬರೆಯಿತು. ಹಿಂತೆಗೆದುಕೊಳ್ಳುವ ಅಧಿಕಾರವನ್ನು ತನ್ನಲ್ಲೇ ಉಳಿಸಿಕೊಂಡಿತು. ನ್ಯಾಯಾಲಯಗಳು ಕೂಡ ಕುಮ್ಕಿಯನ್ನು ಒಡೆತನವೆಂದು ಒಪ್ಪಲಿಲ್ಲ. ಅಜ್ಜನ ಕಾಲದಿಂದ ನಮ್ಮದು ಎಂದು ಹೇಳುವವರ ಮಾತು ಸುಳ್ಳಲ್ಲ. ಆ 'ನಮ್ಮದು' ಎಂಬ ಮಾತಿಗೆ ಸರಕಾರದ ಪುಸ್ತಕದಲ್ಲಿ ಬೇರೆ ಅರ್ಥವಿತ್ತು.

ಕಾನೂನಿನ ದಾರಿಯೂ ನೇರವಾಗಿರಲಿಲ್ಲ. 1802ರ ರೆಗ್ಯುಲೇಶನ್‌ಗಳು ಬಂಗಾಳದ ಮಾದರಿಯಲ್ಲಿ ಕಲೆಕ್ಟರನ ಕೆಲಸವನ್ನೂ ನ್ಯಾಯಾಧೀಶನ ಕೆಲಸವನ್ನೂ ಬೇರ್ಪಡಿಸಿದ್ದವು. ಕಂದಾಯ ಕಲೆಕ್ಟರನದು, ಪೊಲೀಸು ಮತ್ತು ಮ್ಯಾಜಿಸ್ಟ್ರೇಟ್ ಅಧಿಕಾರ ಜಿಲ್ಲಾ ನ್ಯಾಯಾಧೀಶನದು. ಮನ್ರೋ ಇದನ್ನು ಮೆಚ್ಚಲಿಲ್ಲ. ಅವರ ಒತ್ತಾಯದಿಂದ ಬಂದ 1816ರ ರೆಗ್ಯುಲೇಶನ್‌ಗಳು ಮ್ಯಾಜಿಸ್ಟ್ರೇಟ್ ಅಧಿಕಾರವನ್ನೂ ಪೊಲೀಸನ್ನೂ ಕಲೆಕ್ಟರನಿಗೆ ಕೊಟ್ಟವು. ಊರಿನ ಮುಖ್ಯಸ್ಥನಿಗೂ ಒಂದು ಪಾಲು ಸಿಕ್ಕಿತು: ಗ್ರಾಮ ಮುನ್ಸೀಫನಾಗಿ ಹತ್ತು ರೂಪಾಯಿಯವರೆಗಿನ ವ್ಯಾಜ್ಯ ತೀರಿಸುವ ಅಧಿಕಾರ. ಊರನ್ನು ಬಲ್ಲವನೇ ಊರಿನ ಜಗಳ ತೀರಿಸಲಿ ಎಂಬ ಮನ್ರೋ ಅವರ ವಾದದಲ್ಲಿ ತಿರುಳಿದೆ ಎಂದೇ ನಾನು ನಂಬುತ್ತೇನೆ. ಆದರೆ ತೀರ್ವೆ ಗೊತ್ತುಮಾಡುವವನು, ವಸೂಲು ಮಾಡುವವನು, ಅಡ್ಡಿಪಡಿಸಿದವನನ್ನು ಹಿಡಿಸುವವನು, ಶಿಕ್ಷಿಸುವವನು ಒಬ್ಬನೇ ಆದಾಗ ರೈತ ದೂರು ಹೇಳಲು ಯಾರ ಬಳಿಗೆ ಹೋಗಬೇಕು?

1830-31ರಲ್ಲಿ ಕೆನರಾದ ರೈತರು ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡರು. ಊರೂರುಗಳಲ್ಲಿ ಕೂಟ ಸೇರಿದರು, ಕಂದಾಯ ಕೊಡುವುದಿಲ್ಲವೆಂದರು. ಕುಂಬಳೆ, ಮಂಜೇಶ್ವರದ ಕಡೆಯಲ್ಲೂ ಕೂಟಗಳು ನಡೆದವು. ಸ್ಟೋಕ್ಸ್ ಎಂಬ ಅಧಿಕಾರಿ ವಿಚಾರಣೆ ಮಾಡಿ 1833ರ ಜನವರಿಯಲ್ಲಿ ವರದಿ ಕೊಟ್ಟರು. ರೈತನಿಗೂ ಬೋರ್ಡಿಗೂ ನಡುವೆ ಕಲೆಕ್ಟರನ ಕಚೇರಿಯೊಂದೇ ಬಾಗಿಲಾಗಿದ್ದಾಗ, ಆ ಬಾಗಿಲ ಬಳಿ ನಿಂತ ನೌಕರನ ಬಲ ಎಷ್ಟಿತ್ತು ಎಂಬುದು ಇಂಥ ಸಂದರ್ಭಗಳಲ್ಲಿ ಕಣ್ಣಿಗೆ ಕಾಣುತ್ತದೆ.

ಕಾಗದದ ಮೇಲೆ ಅಧಿಕಾರ ಕೆಳಗಿಳಿದದ್ದು ಇಂಗ್ಲಿಷ್ ಓದಬಲ್ಲವರು ಇದ್ದ ಮೆಟ್ಟಿಲಿನವರೆಗೆ. 1828ರ ಏಳನೆಯ ರೆಗ್ಯುಲೇಶನ್ ಸಬ್ ಕಲೆಕ್ಟರುಗಳ ಅಧಿಕಾರವನ್ನು ಬಿಡಿಸಿ ಹೇಳಿತು. ಅದಕ್ಕೂ ಕೆಳಗೆ ತಹಶೀಲ್ದಾರ, ಶಿರಸ್ತೇದಾರ, ಪಟೇಲ, ಶಾನುಭೋಗ, ಉಗ್ರಾಣಿ. ಯಾವ ಗದ್ದೆ ಯಾರ ಕೈಯಲ್ಲಿದೆ, ಯಾವ ಗುಡ್ಡ ಯಾವ ವರ್ಗಕ್ಕೆ ಸೇರಿದ್ದು ಎಂಬುದು ಗೊತ್ತಿದ್ದದ್ದು ಇವರಿಗೆ. ಶಾನುಭೋಗನ ಲೆಕ್ಕ ಕಡತದಲ್ಲಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಬಳಪದಿಂದ ಬರೆದು, ಮಡಚಿ ಇಡುತ್ತಿದ್ದ ಕಪ್ಪು ಪುಸ್ತಕ ಅದು. ಇಂದು ನಾವು ಫೈಲಿಗೆ ಹೇಳುವ ಕಡತ ಎಂಬ ಮಾತು ಅಲ್ಲಿಂದಲೇ ಬಂದದ್ದು. ಹಿಂದಿನ ಆಳ್ವಿಕೆಯ ತೀರ್ವೆ ಎಷ್ಟಿತ್ತೆಂದು ತಿಳಿಯಲು ಮನ್ರೋ ಕೂಡ ಈ ಪುಸ್ತಕಗಳನ್ನೇ ಬಿಡಿಸಬೇಕಾಯಿತು. ಕಲೆಕ್ಟರು ಸಹಿ ಹಾಕಿದರು. ಏನು ಬರೆಯಬೇಕೆಂದು ತೀರ್ಮಾನಿಸಿದವನು ಎಷ್ಟೋ ಸಲ ಶಾನುಭೋಗ. ಸಹಿ ಇದ್ದವನಿಗೆ ತಿಳಿವಳಿಕೆ ಇಲ್ಲ, ತಿಳಿವಳಿಕೆ ಇದ್ದವನಿಗೆ ಹೊಣೆ ಇಲ್ಲ. ಕೊಯಮತ್ತೂರಿನ ಖಜಾನೆಯಲ್ಲಿ ದೊಡ್ಡ ಅವ್ಯವಹಾರ ಹೊರಬಿದ್ದ ಮೇಲೆ ಮದರಾಸು ಸರಕಾರ 1822ರಲ್ಲಿ ಒಂಬತ್ತನೆಯ ರೆಗ್ಯುಲೇಶನ್ ತಂದು, ಹಣ ನುಂಗಿದ ಕೆಳಗಿನ ನೌಕರರನ್ನು ವಿಚಾರಣೆಗೆ ಒಳಪಡಿಸುವ ಅಧಿಕಾರ ಕೊಟ್ಟಿತು, ಅದನ್ನೂ ಕಲೆಕ್ಟರನಿಗೇ.

ಸಹಿಗೂ ನಿಜವಾದ ಅಧಿಕಾರಕ್ಕೂ ನಡುವಿನ ಈ ಒಡಕು ಅತಿ ಸ್ಪಷ್ಟವಾಗಿ ಕಾಣಬೇಕಾದರೆ ಸಮುದ್ರ ದಾಟಬೇಕು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ, ಇಂದಿನ ಲಕ್ಷದ್ವೀಪಕ್ಕೆ ಸೇರಿದ ಅಮಿನ್‌ದಿವಿ ದ್ವೀಪಗಳು 1799ರ ನಂತರ ಮಂಗಳೂರಿನ ಕಲೆಕ್ಟರನ ಅಧೀನದಲ್ಲಿದ್ದವು. ಅಂದರೆ ಕಾಸರಗೋಡೂ ಆ ದ್ವೀಪಗಳೂ ಒಂದೇ ಜಿಲ್ಲೆ. ಅಮಿನಿಯಲ್ಲಿ ಮೊನೇಗಾರನೆಂಬ ಅಧಿಕಾರಿಯನ್ನು ಇಟ್ಟಿದ್ದರು. ಸಣ್ಣಪುಟ್ಟ ವ್ಯಾಜ್ಯ, ಅಪರಾಧ, ಸರಕಾರಕ್ಕೆ ಸಲ್ಲಬೇಕಾದ ಹುರಿಯ ಲೆಕ್ಕ ಎಲ್ಲವೂ ಅವನ ಕೈಯಲ್ಲಿ. ತೆಂಗಿನ ನಾರಿನ ಹುರಿಯನ್ನು ದ್ವೀಪದವರು ಸರಕಾರಕ್ಕೇ ಕೊಡಬೇಕು, ಬದಲಿಗೆ ಅಕ್ಕಿ ಪಡೆಯಬೇಕು. ದರ ಗೊತ್ತುಮಾಡುವುದು ಸರಕಾರ. ಮಳೆಗಾಲ ಬಂತೆಂದರೆ ಹಾಯಿದೋಣಿಗಳು ನಿಂತುಹೋಗುತ್ತವೆ. ಮಂಗಳೂರಿನಿಂದ ಆಜ್ಞೆಯೂ ಹೋಗದು, ಅಲ್ಲಿಂದ ದೂರೂ ಬಾರದು. ಕಾಗದದಲ್ಲಿ ಮೊನೇಗಾರ ಕಲೆಕ್ಟರನ ಸಣ್ಣ ನೌಕರ. ಆ ತಿಂಗಳುಗಳಲ್ಲಿ ದ್ವೀಪದವನ ಪಾಲಿಗೆ ಸರಕಾರವೆಂದರೆ ಅವನೇ. ಮೇಲ್ಮನವಿ ಇದೆ ಎಂದು ಕಾನೂನಿನಲ್ಲಿ ಬರೆದರೆ ಸಾಲದು, ಅದು ಸಮುದ್ರ ದಾಟಬೇಕು.

ಕೊಟ್ಟ ಅಧಿಕಾರವನ್ನು ಮತ್ತೊಬ್ಬನಿಗೆ ದಾಟಿಸಬಹುದೇ ಎಂಬ ದೊಡ್ಡ ಪ್ರಶ್ನೆ 1878ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ, ಎಂದರೆ ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯದ ಮುಂದೆ, ಬಂತು. ಗಾರೋ ಬೆಟ್ಟಗಳಿಗೆ ಮಾಡಿದ 1869ರ ಕಾಯಿದೆಯನ್ನು ಖಾಸಿ ಮತ್ತು ಜಯಂತಿಯಾ ಬೆಟ್ಟಗಳಿಗೂ ವಿಸ್ತರಿಸುವ ಅಧಿಕಾರವನ್ನು ಶಾಸನಸಭೆ ಬಂಗಾಳದ ಲೆಫ್ಟಿನೆಂಟ್ ಗವರ್ನರನಿಗೆ ಬಿಟ್ಟಿತ್ತು. ಕಲ್ಕತ್ತ ಹೈಕೋರ್ಟು ಅದನ್ನು ಒಪ್ಪಲಿಲ್ಲ. ಬುರಾ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ತಿರುಗಿಸಿತು: ಭಾರತದ ಶಾಸನಸಭೆ ಬ್ರಿಟಿಷ್ ಪಾರ್ಲಿಮೆಂಟಿನ ಏಜೆಂಟನಲ್ಲ, ತನ್ನ ಮಿತಿಯೊಳಗೆ ಅದರದು ಪೂರ್ಣ ಅಧಿಕಾರ, ಕಾನೂನನ್ನು ಎಲ್ಲಿ ಯಾವಾಗ ಜಾರಿಗೆ ತರಬೇಕೆಂಬುದನ್ನು ಅಧಿಕಾರಿಗೆ ಬಿಡಬಹುದು ಎಂದಿತು. ವಕೀಲರು ಈ ತೀರ್ಪನ್ನು ಶಾಸನಸಭೆಯ ಘನತೆಯ ದೃಷ್ಟಿಯಿಂದ ಓದುತ್ತಾರೆ. ಆ ಶಾಸನಸಭೆಯಲ್ಲಿ ಜನರು ಆರಿಸಿದ ಒಬ್ಬ ಸದಸ್ಯನೂ ಇರಲಿಲ್ಲ ಎಂಬುದನ್ನು ಜೊತೆಗಿಟ್ಟು ಓದಿದರೆ ಅದರ ಭಾರ ಗೊತ್ತಾಗುತ್ತದೆ. ಬೆಟ್ಟದ ಜನರನ್ನು ಸಾಮಾನ್ಯ ನ್ಯಾಯಾಲಯಗಳಿಂದ ಹೊರಗಿಡುವ ತೀರ್ಮಾನ ಒಬ್ಬ ಅಧಿಕಾರಿಯ ಅಧಿಸೂಚನೆಯಿಂದ ಆಯಿತು.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, ಅಮಿನ್‌ದಿವಿ ಕೇಂದ್ರಾಡಳಿತಕ್ಕೆ ಹೋಯಿತು. ನೆಲದ ಗಡಿ ಒಂದೇ ದಿನದಲ್ಲಿ ಬದಲಾಯಿತು, ಕಾನೂನು ಬದಲಾಗಲಿಲ್ಲ. ರಾಜ್ಯ ಪುನರ್‌ವಿಂಗಡಣಾ ಕಾಯಿದೆಯೇ ಹಾಗೆ ಹೇಳಿತ್ತು: ಹೊಸ ಶಾಸನಸಭೆ ಬೇರೆ ಏರ್ಪಾಡು ಮಾಡುವವರೆಗೆ ಹಳೆಯ ಕಾನೂನು ಹಳೆಯ ನೆಲದಲ್ಲೇ ನಡೆಯಲಿ ಎಂದು. ಆದ್ದರಿಂದ ಇಲ್ಲಿಯ ಒಂದೇ ಕಟ್ಟಿನಲ್ಲಿ ಮದರಾಸಿನ ಬಿ ಮೆಮೊ, ಅನಂತರದ ಕೇರಳ ಭೂ ಸಂರಕ್ಷಣಾ ಕಾಯಿದೆಯ ನೋಟೀಸು ಎರಡೂ ಸಿಗುತ್ತವೆ. ಗಡಿಯ ಆ ಕಡೆಯ ಪುತ್ತೂರು, ಸುಳ್ಯದಲ್ಲಿ ಕುಮ್ಕಿಯ ಸವಲತ್ತನ್ನು ಕರ್ನಾಟಕದ 1964ರ ಭೂ ಕಂದಾಯ ಕಾಯಿದೆಯ 79ನೆಯ ಕಲಮು ಉಳಿಸಿತು. ಅಣ್ಣನ ಮನೆ ಆಚೆ, ತಮ್ಮನ ಮನೆ ಈಚೆ ಇರುವ ಕುಟುಂಬಗಳಲ್ಲಿ ಇಬ್ಬರ ಗುಡ್ಡಕ್ಕೂ ಬೇರೆ ಬೇರೆ ಕಾನೂನು. ಅಲ್ಲಿ ಕೇಳಿದ್ದನ್ನು ನಂಬಿ ಇಲ್ಲಿ ಅರ್ಜಿ ಬರೆದು ಸೋತವರನ್ನು ನಾನು ನೋಡಿದ್ದೇನೆ.

ನೋಟೀಸು ಕೈಗೆ ಬಂದಾಗ ಗುಡ್ಡದ ಇತಿಹಾಸ ಹೇಳಲು ಆತುರ ಪಡಬೇಡಿ. ಕಾಯಿದೆ ಕಲೆಕ್ಟರ್ ಎಂದು ಹೇಳಿದ್ದರೆ, ಸಹಿ ಮಾಡಿದವರು ಕಲೆಕ್ಟರರೇ? ಅಲ್ಲವಾದರೆ ಅವರಿಗೆ ಆ ಅಧಿಕಾರ ಕೊಟ್ಟ ಅಧಿಸೂಚನೆ ಯಾವುದು? ಸಹಿಯ ಮೇಲೆ 'ಪರವಾಗಿ' ಎಂದಿದ್ದರೆ ತೀರ್ಮಾನ ಮಾಡಿದವರು ಯಾರು, ಕೇವಲ ರುಜು ಹಾಕಿ ಕಳುಹಿಸಿದವರು ಯಾರು? ಎರಡೂ ಒಂದಲ್ಲ. ನಿಮ್ಮ ಮಾತು ಕೇಳದೆ ತೀರ್ಮಾನವಾಗಿದೆಯೇ? ಬಿ ಮೆಮೊ ರಶೀದಿಗಳನ್ನು ಒಡೆತನದ ದಾಖಲೆಯೆಂದು ಹಾಜರುಪಡಿಸಬೇಡಿ, ಎಸೆಯಲೂ ಬೇಡಿ. ಸ್ವಾಧೀನ ಎಂದಿನಿಂದ ಎಂಬುದನ್ನು ತೋರಿಸಲು, ಜಾಗ ಮಂಜೂರಾತಿಗೆ ಅರ್ಜಿ ಹಾಕಲು ಅವು ಬೇಕಾಗುತ್ತವೆ. ಇನ್ನೊಂದು ಮಾತು. ಕಾಸರಗೋಡಿನ ಕನ್ನಡಿಗರು ಇಲ್ಲಿಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಲು, ಕನ್ನಡದಲ್ಲೇ ಉತ್ತರ ಪಡೆಯಲು ಕೇರಳದ ಆಡಳಿತ ಭಾಷಾ ಕಾನೂನು ಅವಕಾಶ ಕೊಟ್ಟಿದೆ. ಓದಲಾಗದ ನೋಟೀಸಿಗೆ ಹೆಬ್ಬೆಟ್ಟು ಒತ್ತಿ ಮರಳಿಸುವ ಅಗತ್ಯವಿಲ್ಲ.

ಆ ಅಕ್ಕನ ನೋಟೀಸಿನಲ್ಲಿ ಹುದ್ದೆಯ ಮೊಹರು ಅರ್ಧ ಮಾಸಿತ್ತು, ಅಧಿಸೂಚನೆಯ ಸಂಖ್ಯೆ ಬರೆಯಬೇಕಾದ ಜಾಗ ಖಾಲಿ ಇತ್ತು. ಆ ಸಂಖ್ಯೆಯನ್ನೂ ಅಧಿಸೂಚನೆಯ ಪ್ರತಿಯನ್ನೂ ಕೇಳಿ ಕನ್ನಡದಲ್ಲಿ ಅರ್ಜಿ ಬರೆದೆವು. ಸಹಿ ಹಾಕುವ ಮುನ್ನ ಅವರು ಕನ್ನಡಕ ಏರಿಸಿಕೊಂಡು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿದರು. ರಶೀದಿಗಳನ್ನು ಮತ್ತೆ ಪಂಚೆಯ ತುಂಡಿನಲ್ಲಿ ಕಟ್ಟುವಾಗ ಎರಡು ಕಟ್ಟು ಮಾಡಿದರು, ಕಂದಾಯದ್ದು ಒಂದು, ಬಿ ಮೆಮೊದ್ದು ಒಂದು.